ಮೇಷ್ಟ್ರ ಪರವಾಗಿ ಉತ್ತರ

ನಾಟಿಯ ಕಾಲ. ಸಂಶೋಧನಾ ಕೇಂದ್ರದ ಗದ್ದೆಯಿಂದ ಕೆಸರುಗಾಲಲ್ಲೇ ಬಂದ ಚಿಹಾರುವಿನ ಮುಂದೆ ಕುಸಾಕಾಬೆ ಮೇಷ್ಟ್ರು ಒಂದು ಹಾಳೆ ಇಟ್ಟರು. ವಿಜ್ಞಾನ ಪತ್ರಿಕೆಯ ಸಂಪಾದಕರಿಗೆ ಅವಳೇ ಬರೆದ ಪತ್ರ ಅದು. ಮೇಷ್ಟ್ರ ಹೊಸ ಭತ್ತದ ತಳಿಗೆ ಬೆಂಕಿರೋಗ ತಗಲುವುದಿಲ್ಲವೆಂದು ಅವರ ಲೇಖನ ಹೇಳಿದ್ದು ಸುಳ್ಳು, ರೋಗ ಬಿದ್ದ ಗದ್ದೆಗಳನ್ನು ಲೆಕ್ಕದಿಂದ ಬಿಟ್ಟಿದ್ದಾರೆ ಎಂದು ಬರೆದಿದ್ದಳು.

"ಹೆಸರು ಹಾಕೇ ಬರ್ದಿದೀಯ, ಭೇಷ್," ಎಂದರು ಮೇಷ್ಟ್ರು, ಬಿವಾ ಹಣ್ಣು ಸುಲಿಯುತ್ತ. "ಸಂಪಾದಕರು ನಂಗೆ ಕಳ್ಸಿದಾರೆ, ಇದರ ಪಕ್ಕದಲ್ಲೇ ನನ್ನ ಉತ್ತರಾನೂ ಅಚ್ಚಾಗತ್ತಂತೆ. ನನ್ನ ಉತ್ತರ ಎಲ್ಲಾ ಬರೆಯೋ ಶಿಷ್ಯೆ ನೀನೇ ಅಲ್ವೇನಮ್ಮ? ಇದನ್ನೂ ಬರಿ."

"ಮೇಷ್ಟ್ರೇ, ನನ್ನ ಪತ್ರಕ್ಕೆ ನಾನೇ ಹೇಗೆ..."

"ನಿನ್ನ ಕೆಲಸ ಮುಂದುವರಿಸೋ ಕಾಗದ ಇಲ್ಲಿದೆ. ಸಹಿ ಬೇಕೋ ಬೇಡ್ವೋ?"

ಚಿಹಾರು ಕೂತು ಬರೆದಳು. ಆ ಗದ್ದೆಗಳಿಗೆ ನೆರೆ ನುಗ್ಗಿ ಪ್ರಯೋಗವೇ ಕೆಟ್ಟಿತ್ತೆಂದು ಇಲ್ಲದ್ದನ್ನು ಹುಟ್ಟಿಸಿದಳು. ಮೇಷ್ಟ್ರು ಓದಿ ಮುಖ ಸಿಂಡರಿಸಿದರು. "ತೀರಾ ಮೆತ್ತಗಾಯ್ತು. ಪತ್ರ ಬರೆದಾಕೆಗೆ ಗದ್ದೆ ಕೆಲಸದ ತಿಳಿವಳಿಕೆಯೇ ಇಲ್ಲ ಅಂತ ಸೇರ್ಸು."

ಅವಳು ಅದನ್ನೂ ಸೇರಿಸಿದಳು. ಮೇಷ್ಟ್ರು ಉತ್ತರದ ಕೆಳಗೆ ಸಹಿ ಹಾಕಿದರು. ಅವಳ ಕೆಲಸದ ಕಾಗದವನ್ನು ಸಹಿ ಹಾಕದೆ ಹಾಗೇ ಮಡಿಸಿ ಜೇಬಿಗಿಟ್ಟುಕೊಂಡರು.

"ತಿಳಿವಳಿಕೆ ಇಲ್ಲ ಅಂತ ನೀನೇ ಬರ್ದಿದೀಯಲ್ಲಮ್ಮ," ಎಂದರು. "ಅಂಥವಳನ್ನ ಕೆಲಸಕ್ಕೆ ಹೇಗೆ ಇಟ್ಕೊಳ್ಲಿ?"