ಬಾವಿಗೆ ಇಟ್ಟ ಕುಂಕುಮ

ಇಲ್ಲಿ ಅಮೆರಿಕದ ಸೀಡರ್ ಪಾರ್ಕ್ ಊರಿನಲ್ಲಿ ಮಗಳನ್ನು ಪಾಟರಿ ಕ್ಲಾಸಿಗೆ ಬಿಡಲು ಹೋದಾಗಲೆಲ್ಲ, ಹಸಿ ಜೇಡಿಮಣ್ಣಿನ ವಾಸನೆಗೆ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ.

ನನಗಾಗ ಎಂಟು ವರ್ಷ. ಅಪ್ಪ ಇಂಗ್ಲೆಂಡಿನ ಒಂದು ಹಳ್ಳಿಗೆ ಡಾಕ್ಟರಾಗಿ ಬಂದು ತಿಂಗಳಾಗಿತ್ತು. "ಹೊಸ ಊರು, ಯಾರ ವಸ್ತುವನ್ನೂ ಮುಟ್ಟಬೇಡಿ" ಎಂದು ದಿನವೂ ಹೇಳುತ್ತಿದ್ದರು. ಅಲ್ಲಿನವರು ವರ್ಷಕ್ಕೊಮ್ಮೆ ಊರ ಬಾವಿಯನ್ನು ಸಿಂಗರಿಸುತ್ತಿದ್ದರು. ಹಲಗೆಗೆ ಜೇಡಿಮಣ್ಣು ಮೆತ್ತಿ, ಒಂದೊಂದೇ ಹೂವಿನ ಎಸಳು ಒತ್ತಿ ದೇವತೆಯ ಚಿತ್ರ ಮಾಡಿ, ಬಾವಿಯ ಹಿಂದೆ ನಿಲ್ಲಿಸುತ್ತಿದ್ದರು.

ಆ ಮಧ್ಯಾಹ್ನ ನಾನೂ ಅಮ್ಮನೂ ಅದನ್ನು ನೋಡಲು ಹೋದಾಗ ಅಲ್ಲಿ ಯಾರೂ ಇರಲಿಲ್ಲ.

"ನೋಡೇ, ಇವ್ರೂ ಗಂಗೆ ಪೂಜೆ ಮಾಡ್ತಾರೆ! ಕುಂಕುಮ ಇಡೋದು ಮರ್ತಿದಾರೆ ಅಷ್ಟೆ," ಎಂದು ಅಮ್ಮ ಪರ್ಸಿನಿಂದ ಡಬ್ಬಿ ತೆಗೆದಳು.

"ಬೇಡಮ್ಮ, ಅಪ್ಪ ಬೈತಾರೆ."

ಅಷ್ಟರಲ್ಲಿ ಚಿತ್ರದ ದೇವತೆಯ ಬಿಳಿ ಹಣೆ ಕೆಂಪಾಗಿತ್ತು. ಎರಡು ಎಸಳು ಕಳಚಿ ಬಿದ್ದವು.

"ಯಾರು ಮಾಡಿದ್ದು ಇದು?" ಹಿಂದಿನಿಂದ ಒಬ್ಬ ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರು. ಅವರ ಉಗುರುಗಳಲ್ಲಿ ಇನ್ನೂ ಜೇಡಿಮಣ್ಣಿತ್ತು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ನಾವು ಬಂದಾಗಲೇ ಹೀಗಿತ್ತು," ಎಂದೆ.

ಅವರು ಅಮ್ಮನ ಕೆಂಪು ಬೆರಳನ್ನು ನೋಡಿದರು, ಆಮೇಲೆ ನನ್ನನ್ನು.

"ಏನಂದ್ರೇ ಅವ್ರು?" ಅಮ್ಮ ನನ್ನನ್ನು ಕೇಳಿದಳು.

"ತುಂಬಾ ಚೆನ್ನಾಗಿದೆ ಅಂದ್ರು."

ಅಮ್ಮ ಹಿಗ್ಗಿ, ಅವರ ಹಣೆಗೂ ಕುಂಕುಮ ಇಟ್ಟಳು. ಅವರು ಕದಲದೆ ಇಡಿಸಿಕೊಂಡರು. ಕಣ್ಣು ಮಾತ್ರ ನನ್ನ ಮೇಲೇ ಇತ್ತು.