ಸೋಸದ ನೀರು

ಗೋಕಾಕದ ಪಾದ್ರಿಗಳ ಶಾಲೆಯಲ್ಲಿ, ಶಿಕ್ಷಕಿಯ ನೌಕರಿ ಕೇಳಲು ಬಂದ ರಾಜಮತಿಯ ಮುಂದೆ ಮುದುಕ ಪಾದ್ರಿ ತಾವೇ ತಂಬಿಗೆಯಿಂದ ನೀರು ಬಗ್ಗಿಸಿ ಲೋಟ ಇಟ್ಟರು. ಜೈನರ ಮನೆಯ ಮಗಳು; ನೀರಿನೊಳಗಿನ ಜೀವ ಸಾಯಬಾರದೆಂಬುದು ಅವರ ನೇಮ. ಬಟ್ಟೆಯಲ್ಲಿ ಸೋಸದ ನೀರು ಇದುವರೆಗೆ ಅವಳ ಗಂಟಲಿಗೆ ಇಳಿದದ್ದಿಲ್ಲ. ಸೊಂಟದಿಂದ ಸೋಸುವ ಬಟ್ಟೆಯನ್ನು ಅರ್ಧ ಎಳೆದವಳು ಕೈ ತಡೆದಳು. ಗಂಡ ಸತ್ತು ಎಂಟು ತಿಂಗಳಾಗಿತ್ತು. ಮೂರು ಮಕ್ಕಳು ಎರಡು ದಿನದಿಂದ ಬರೀ ಅಂಬಲಿಯ ಮೇಲಿದ್ದವು. ಇವರಿಗೆ ತನ್ನ ಮಡಿ ಕಂಡರೆ ನೌಕರಿ ಹೋದೀತು ಎಂದುಕೊಂಡು ಬಟ್ಟೆಯನ್ನು ಒಳಗೆ ತುರುಕಿ, ಕಣ್ಣುಮುಚ್ಚಿ ಗಟಗಟ ಕುಡಿದಳು.

“ನಿಮ್ಮವರು ಸೋಸದ ಕುಡಿಯೂದಿಲ್ಲಲ್ರಿ, ಅಕ್ಕಾರ?” ಪಾದ್ರಿ ಅವಳ ಸೊಂಟದಲ್ಲಿ ಇನ್ನೂ ಇಣುಕುತ್ತಿದ್ದ ಬಟ್ಟೆಯ ಚುಂಗನ್ನೇ ನೋಡುತ್ತಿದ್ದರು.

“ಅದನ್ನೆಲ್ಲಾ ಬಿಟ್ಟೇನ್ರಿ, ಫಾದರ್. ನಿಮ್ಮ ಸಾಲಿಗಿ ಹ್ಯಾಂಗ ಬೇಕೋ ಹಂಗ ಇರ್ತೇನಿ.”

ಪಾದ್ರಿ ಅವಳ ಅರ್ಜಿಯನ್ನು ಮಡಚಿದರು. “ಈ ಸಾಲಿ ದೇವರ ಹೆಸರಿನ ಮ್ಯಾಲ ನಿಂತೈತ್ರಿ. ನಿಮ್ಮ ದೇವರು ಬ್ಯಾರೆ ಇದ್ರ ಇರ್ಲಿ, ಹಿಡಿದ ನೇಮ ಬಿಡದವರು ನನಗ ಬೇಕಾಗಿದ್ರು. ನೌಕರಿ ಸಲುವಾಗಿ ನೇಮ ನುಂಗಿದವರು ಹುಡುಗೂರಿಗೆ ಏನ್ ಕಲಿಸ್ತಾರ?”

ರಾಜಮತಿ ಬಟ್ಟೆಯನ್ನು ಸರಕ್ಕನೆ ಎಳೆದು, ಖಾಲಿ ಲೋಟದ ಬಾಯಿಗೆ ಹೊದಿಸಿ, ಮುಂದೆ ಹಿಡಿದಳು.

“ಇನ್ನೊಮ್ಮೆ ಹಾಕ್ರಿ, ಫಾದರ್. ಸೋಸಿ ಕುಡೀತೇನಿ.”