ಕಿವಿಗೂ ಗೇಜಿಗೂ ಜಗಳ

"ನಿಮ್ಮ ಕಿವಿ ನಂಬ್ಕೊಂಡು ಎಷ್ಟು ಗಿರಾಕಿಗಳು ಸುಮ್ಮನೆ ಎಂಜಿನ್ ಕೆಡಿಸ್ಕೊಂಡ್ರೋ ಏನೋ, ಮಾವ," ಎಂದ ಅಳಿಯ.

ಮಾವ ಕೈಯಲ್ಲಿದ್ದ ಸ್ಪ್ಯಾನರನ್ನು ಹಳೇ ಕಾರಿನ ಬಂಪರಿಗೆ ಕುಟ್ಟಿದ. "ಅಳಿಯಂದ್ರೇ, ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾಗಿದೆ. ಹೊಟ್ಟೆ ಬಿರಿಯೋ ಹಾಗೆ ಉಂಡವನ ಥರ ಏದುಸಿರು ಬಿಡ್ತಿದೆ. ಕೇಳಿಸ್ತಿಲ್ವಾ?"

"ಗೇಜು ಕಮ್ಮಿ ಅಂತಿದೆ."

"ಹಾಗಾದ್ರೆ ನನ್ನ ಮಗಳನ್ನ ಯಾಕೆ ಕಟ್ಕೊಂಡೆ? ಗೇಜನ್ನೇ ಕಟ್ಕೋಬೇಕಿತ್ತು."

ಮೂಲೆಯಲ್ಲಿ ಬೇರಿಂಗು ತೊಳೆಯುತ್ತಿದ್ದ ಮಗಳು ತಲೆ ಎತ್ತಲಿಲ್ಲ. ಬೆಳಗಿನಿಂದ ಇದೇ ರಾಮಾಯಣ. ಎಂಜಿನ್ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಕುಡಿಯುತ್ತಿದೆ ಎಂದು ಹೊಗೆ ಮೂಸಿ ಹೇಳುವ ಗೇಜು ಅದು. ತಂದವನು ಅಳಿಯ. ಅದರ ಮೂಗು ಹೊಗೆ ಪೈಪಿನೊಳಗೆ ಕೂರಬೇಕು. ಅದಕ್ಕೆ ಪೈಪಿಗೆ ತೂತು ಕೊರೆದು, ಮೂಗು ಹಿಡಿಯುವ ಕಬ್ಬಿಣದ ಬಳೆ ಕೂರಿಸಿ, ಸುತ್ತ ವೆಲ್ಡಿಂಗ್ ಮಾಡಿದವನು ಮಾತ್ರ ಮಾವ. ಬೇರೆಯವರು ಮುಟ್ಟಿದರೆ ಸೋರುತ್ತದೆ ಎಂದು ಅಳಿಯನನ್ನು ಹತ್ತಿರಕ್ಕೂ ಬಿಟ್ಟಿರಲಿಲ್ಲ. ಆ ಬೀದಿಯ ಬೇರೆ ಶೆಡ್ಡಿನವರೂ ಒಡೆದ ಟ್ಯಾಂಕು ಹೊತ್ತು ವೆಲ್ಡಿಂಗಿಗೆ ಮಾವನ ಹತ್ತಿರವೇ ಬರುತ್ತಿದ್ದರು, ಹಾಗಾಗಿ ಅಳಿಯನೂ ಬಾಯಿ ಮುಚ್ಚಿಕೊಂಡಿದ್ದ.

"ನನ್ನ ಕಿವಿ ಸುಳ್ಳು ಅಂತಾದ್ರೆ ಇವತ್ತೇ ಶೆಡ್ಡು ಬಿಡ್ತೀನಿ," ಎಂದ ಮಾವ. ವಯಸ್ಸಾಯಿತು, ಮನೆಯಲ್ಲಿ ಕೂತಿರು ಎಂದು ಮಗಳು ಆಗಾಗ ಹೇಳುತ್ತಿದ್ದಳು. ಮಾತು ಅವಳ ಕಿವಿಗೂ ಬೀಳಲಿ ಎಂದೇ ಗಟ್ಟಿಯಾಗಿ ಹೇಳಿದ.

ಅಳಿಯ ಕಾರ್ಬುರೇಟರಿನ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಹೆಚ್ಚಿಸಿದ. ಗೇಜಿನ ಮುಳ್ಳು ಸ್ವಲ್ಪ ಅಲುಗಿತು. ಇನ್ನೂ ಸಡಿಲಿಸಿದ. ಎಂಜಿನ್ ಮುಗ್ಗರಿಸಿ ಕರಿಹೊಗೆ ಕಾರಿತು. ಮುಳ್ಳು ನಡುವಿಗೆ ಬರುವ ಬದಲು ಕಮ್ಮಿಯ ಕಡೆಗೇ ಮತ್ತಷ್ಟು ವಾಲಿತು. ಅಳಿಯನ ಕೈ ಅಲ್ಲೇ ನಿಂತಿತು. ಮಾವ ಎಂಜಿನ್ ಆರಿಸಿ ಪ್ಲಗ್ಗು ಬಿಚ್ಚಿದ. ಪಾತ್ರೆಯ ತಳದಂತೆ ಮಸಿ. ಪ್ಲಗ್ಗು ನೋಡಿದರೆ ಪೆಟ್ರೋಲ್ ಹೆಚ್ಚು, ಗೇಜು ನೋಡಿದರೆ ಕಮ್ಮಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗಾಯಿತು. ಗೇಜು ಕೆಟ್ಟಿದೆ ಎನ್ನೋಣವೆಂದರೆ, ಪೈಪಿಗೆ ಕೂರಿಸುವ ಮೊದಲು ಬಯಲು ಗಾಳಿಯಲ್ಲಿ ಹಿಡಿದು ಇಬ್ಬರೂ ನೋಡಿದ್ದರು, ಸರಿಯಾಗಿಯೇ ಇತ್ತು. ಮಾವ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದ. ಅವನು ತನ್ನ ಕಿವಿಯನ್ನೇ ಅನುಮಾನಿಸಿದ್ದನ್ನು ಮಗಳು ನೋಡಿದ್ದು ಅದೇ ಮೊದಲು.

ಕೊನೆಗೆ ಅವನೇ ಪ್ಲಗ್ಗು ಕೂರಿಸಿ ಎಂಜಿನ್ ಚಾಲೂ ಮಾಡಿಸಿದ. ಸೋರುವ ಜಾಗವಿದ್ದರೆ ಸದ್ದು ಮಾಡಲಿ ಎಂದು ಒದ್ದೆ ಬಟ್ಟೆ ತಂದು ಹೊಗೆ ಪೈಪಿನ ಬಾಯಿಗೆ ಒತ್ತಿ ಹಿಡಿಯಲು ಮಗಳಿಗೆ ಹೇಳಿ, ಕಾರಿನ ಕೆಳಗೆ ತೂರಿದ. ಅಂಗಾತ ಮಲಗಿ ಪೈಪಿನುದ್ದಕ್ಕೂ ಕಿವಿ ಒಯ್ದ. ಒಂದು ಕಡೆ ಕಿವಿ ನಿಂತಿತು. ಚುಸ್, ಚುಸ್, ಚುಸ್.

"ಅಪ್ಪಾ, ಕೈ ಸುಡ್ತಿದೆ," ಎಂದಳು ಮಗಳು.

ಸದ್ದು ಮಾವ ಕೂರಿಸಿದ ಬಳೆಯ ಹತ್ತಿರದ್ದೇ. ಸುಮ್ಮನೆ ಎದ್ದು ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಅಳಿಯನ ಕಿವಿಗೆ ಅಷ್ಟು ಸಣ್ಣ ಸದ್ದು ಹತ್ತುವುದಿಲ್ಲ. ಆದರೂ ಅಳಿಯನನ್ನು ಕೆಳಗೆ ಕರೆದ. ಅವನ ಕೈ ಹಿಡಿದು ಗೇಜಿನ ಮೂಗು ಕೂತಿದ್ದ ಬಳೆಯ ಪಕ್ಕಕ್ಕೆ ಒಯ್ದ. ಅಂಗೈಗೆ ಬಿಸಿ ಉಸಿರು ತಾಗಿತು. ಅಳಿಯ ಅಲ್ಲಿಗೆ ಟಾರ್ಚು ಹಾಕಿದ. ವೆಲ್ಡಿಂಗಿನ ಅಂಚಿನಲ್ಲಿ ಸಾಸಿವೆಯಷ್ಟು ತೂತು.

"ಸಿಕ್ತು ಮಾವ. ಪೈಪಿನ ಬಾಯಿ ಮುಚ್ಚಿದ್ದಕ್ಕೆ ಈಗ ಹೊಗೆ ಹೊರಗೆ ಬರ್ತಿದೆ, ಬಿಟ್ರೆ ಇಲ್ಲಿಂದಲೇ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಗೇಜಿನ ಮೂಗಿಗೆ ಆ ಗಾಳಿ ಬೆರೆತ ಹೊಗೆ ಸಿಗ್ತಿದೆ, ಪಾಪ ಅದು ಪೆಟ್ರೋಲ್ ಕಮ್ಮಿ ಅಂತಿದೆ. ನೀವು ಹೇಳಿದ್ದೇ ಸರಿ." ಖುಷಿಯಲ್ಲಿ ಅಳಿಯನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಕೆಲಸದಲ್ಲಿ ತಪ್ಪು ಸಿಕ್ಕ ಕೂಡಲೇ ಹಿಂದಿನ ಮೇಸ್ತ್ರಿಯನ್ನು ಬೈಯುವುದು ಆ ಶೆಡ್ಡಿನ ಪದ್ಧತಿ. ಕಲಿಸಿದವನು ಮಾವನೇ. ಅಳಿಯನ ನಾಲಿಗೆ ತಾನಾಗಿ ಹೊರಳಿತು. "ಯಾವ ಕುರುಡ ಹಾಕಿದ್ನೋ ಈ ವೆಲ್ಡಿಂಗು."

ಮಗಳ ಕೈಯಿಂದ ಬಟ್ಟೆ ಜಾರಿತು.

ಮಾವ ಟಾರ್ಚು ಇಸಕೊಂಡ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅಳಿಯ ಬೆರಳಿಟ್ಟ ಕಡೆಗೇ ನೋಡಿದ. ತೋರಿಸಿದ ಮೇಲೂ ಅವನಿಗೆ ತೂತು ಕಾಣಲಿಲ್ಲ.

"ಹಿಂದಿನ ಮೇಸ್ತ್ರಿ," ಎಂದ.

ಹೊರಗೆ ಬಂದು ಮೊಳೆಯಿಂದ ಅಂಗಿ ತೆಗೆದುಕೊಂಡ. ಗುಂಡಿ ಹಾಕಿಕೊಳ್ಳದೆಯೇ ಬೀದಿಗಿಳಿದ. ಅಳಿಯ ತೆವಳಿ ಎದ್ದು ಬರುವಷ್ಟರಲ್ಲಿ ತಿರುವು ದಾಟಿದ್ದ.

"ಮಾವ ಗೆದ್ರಲ್ಲ, ಮತ್ಯಾಕೆ ಹೋದ್ರು?" ಎಂದು ಅಳಿಯ ಹೆಂಡತಿಯನ್ನು ಕೇಳಿದ. ಅವಳು ಖಾಲಿ ಮೊಳೆಯನ್ನೇ ನೋಡುತ್ತಿದ್ದಳು. ಆ ಮೊಳೆಗೆ ಮತ್ತೆ ಆ ಅಂಗಿ ಬೀಳಲಿಲ್ಲ.

ಯಾರೂ ಆರಿಸದ ಎಂಜಿನ್ ಕರಿಹೊಗೆ ಕಾರುತ್ತಲೇ ಇತ್ತು. ಮುಳ್ಳು ಮಾತ್ರ ಇನ್ನೂ ಪೆಟ್ರೋಲ್ ಸಾಲದು ಎನ್ನುತ್ತಿತ್ತು.